ಸೆಪ್ಟಿಮಸನ ತೋಟದ ತನಿಖೆ

ಬ್ರಾಕ್‌ಲಾ ಗಣಿಯೂರು, ಡರಮ್
೧೧ ಸೆಪ್ಟೆಂಬರ್ ೧೯೬೨

ಪ್ರೀತಿಯ ಮಗ ಮ್ಯಾಥ್ಯೂವಿಗೆ,

ನಿನ್ನ ತಂದೆಯು ಬರೆದು ತಿಳಿಸುವುದೇನೆಂದರೆ, ನಾವಿಬ್ಬರೂ ಕ್ಷೇಮ. ಹಲ್ ಬಂದರಿನ ಗಾಳಿಯಲ್ಲಿ ನಿನ್ನ ಕೆಮ್ಮು ಹೇಗಿದೆ, ಅಕ್ಕನ ಮನೆಯಲ್ಲಿ ಹೊಟ್ಟೆ ತುಂಬ ಉಣ್ಣುತ್ತಿರುವೆಯೋ ಇಲ್ಲವೋ ಎಂಬುದನ್ನು ತಿಳಿಸತಕ್ಕದ್ದು. ನಿನ್ನ ತಾಯಿಯು ನಿನ್ನೆಯಿಂದ ಮತ್ತೆ ಗುನುಗುನಿಸುತ್ತ ರೊಟ್ಟಿ ಸುಡುತ್ತಿದ್ದಾಳೆ. ಕಾರಣವನ್ನು ನಿವೇದಿಸುತ್ತೇನೆ.

ನೆರೆಯ ಸೆಪ್ಟಿಮಸ್ ರಾಬ್ಸನ್ನನು ಗಣಿ ಕಾರ್ಮಿಕರ ಕ್ಲಬ್ಬಿನ ವಾರ್ಷಿಕ ತರಕಾರಿ ಸ್ಪರ್ಧೆಗೆಂದು ಬೆಳೆಸಿದ್ದ ಲೀಕ್ ಈರುಳ್ಳಿಗಳನ್ನು ಯಾರೋ ಚಾಕುವಿನಿಂದ ಸೀಳಿದ್ದರಷ್ಟೆ. ಹಿಂದಿನ ದಿನ ನೀನು ಕ್ಲಬ್ಬಿನಲ್ಲಿ, "ಸೆಪ್ ಮಾವ, ಈ ಸಲ ನಿನ್ನ ಲೀಕು ಸೂಪಿಗೇ ಸೈ ಬಿಡು" ಎಂದು ಹಂಗಿಸಿದ್ದನ್ನೇ ಸಾಕ್ಷ್ಯವಾಗಿ ಪರಿಗಣಿಸಿ, ಕ್ಲಬ್ಬಿನ ಸಮಿತಿಯವರು ಸದಸ್ಯರ ಪಟ್ಟಿಯಿಂದ ನಿನ್ನ ಹೆಸರನ್ನು ಹೊಡೆದುಹಾಕಿದರು. ಗಣಿಯೊಳಗೆ ನಿನ್ನ ಪಕ್ಕದಲ್ಲಿ ಕೆಲಸ ಮಾಡಲು ಯಾರೂ ಒಪ್ಪದೆ ನೀನು ಊರನ್ನೇ ಬಿಟ್ಟೆ. ಹಿಂದೊಮ್ಮೆ ಕಾರ್ಮಿಕ ಸಂಘದ ಪರವಾಗಿ ಅರ್ಜಿ ಬರೆದು ಮಾಲೀಕರನ್ನೇ ಮಣಿಸಿದ ನನಗೆ ಈ ಸಮಿತಿಯು ಒಂದು ಸಾಲಿನ ಉತ್ತರವನ್ನೂ ದಯಪಾಲಿಸಲಿಲ್ಲ. ಆದುದರಿಂದ ನ್ಯೂಕಾಸಲ್ಲಿನ ಖಾಸಗಿ ಪತ್ತೇದಾರಿಣಿ ಮಿಸ್ ಥೋರಾ ಲಮ್ಲಿ ಅವರನ್ನು ಕರೆಸಿದೆನು.

ಅವರ ಹಸಿರು ಟೋಪಿಯನ್ನು ಕಂಡು ಕ್ಲಬ್ಬಿನವರು, "ಮೇಡಮ್ಮೋರು ಈರುಳ್ಳಿ ನೋಡಿ ಅತ್ತುಬಿಟ್ಟಾರು" ಎಂದು ನಕ್ಕರು. "ನಾನು ಅಳೋದಿಲ್ಲಪ್ಪ, ಅಳಿಸೋದು ನನ್ನ ಕಸುಬು" ಎಂದು ಆಕೆ ಉತ್ತರಿಸಿದರು. ಸಾಕ್ಷಿಗೆಂದು ಅಲ್ಲಿ ಇರಿಸಿದ್ದ ಗಿಡಗಳನ್ನು ಬಿಡಿಸಿ ನೋಡಿ, ಬಳಿಕ ತೋಟಕ್ಕೂ ಹೋಗಿ ಬಂದು, ಎಲ್ಲರೆದುರು ಸೆಪ್ಟಿಮಸನನ್ನು ಕೇಳಿದರು: "ಹೊಟ್ಟೆಕಿಚ್ಚಿನವನು ಚೆನ್ನಾಗಿರೋದನ್ನ ಕೊಯ್ತಾನೆ. ನಿಮ್ಮ ತೋಟದಲ್ಲಿ ಚೆನ್ನಾಗಿರೋದೆಲ್ಲ ಹಾಗೇ ನಿಂತಿದೆ. ಚಾಕು ಬಿದ್ದ ಒಂದೊಂದರಲ್ಲೂ ಗಾಯದ ಕೆಳಗೆ ಹಳೇ ಬಿರುಕು, ಒಣಗಿ ಕಂದು ಬಣ್ಣಕ್ಕೆ ತಿರುಗಿದೆ. ಗೊಬ್ಬರದ ನೀರು ಜಾಸ್ತಿಯಾಗಿ ಮೊದಲೇ ಬಿರಿದಿದ್ವಲ್ವಾ?"

ಬಿರಿದ ಲೀಕನ್ನು ತೀರ್ಪುಗಾರರು ಮುಟ್ಟಿಯೂ ನೋಡರೆಂಬುದು ನಿನಗೆ ತಿಳಿಯದ್ದಲ್ಲ. ಸೆಪ್ಟಿಮಸನು ತನ್ನ ಲೋಟವನ್ನು ಪಕ್ಕಕ್ಕೆ ಸರಿಸಿ, "ವರ್ಷಾ ವರ್ಷಾ ಗೆದ್ದೋನು ನಾನು. ದುರಾಸೆಗೆ ಒಡೆದುಹೋಯ್ತು ಅಂತ ಹೆಂಗೆ ಹೇಳ್ಲಿ? ನಾನೇ ಕುಯ್ದೆ. ಯಾರ ಹೆಸರೂ ನಾನು ಹೇಳಿರಲಿಲ್ಲ" ಎಂದನು. ನಿನ್ನ ತಾಯಿಯು ಎದ್ದು ನಿಂತು, "ನನ್ನ ಮಗನದಲ್ಲ ಅಂತಲೂ ಹೇಳ್ಲಿಲ್ವಲ್ಲೋ ಸೆಪ್" ಎಂದಳು.

ಸಮಿತಿಯು ನಿನ್ನ ಹೆಸರನ್ನು ಸಗೌರವವಾಗಿ ಮರಳಿ ಸೇರಿಸಿರುತ್ತದೆ. ಗಣಿಯ ನಿನ್ನ ತಂಡದವರು ನಿನ್ನ ಜಾಗವನ್ನು ಖಾಲಿ ಇರಿಸಿರುವುದಾಗಿ ಮನೆಗೇ ಬಂದು ಹೇಳಿ ಹೋದರು. ನನ್ನ ಎದೆಯ ಮೇಲಿನ ಬಂಡೆ ಇಳಿಯಿತು. ಅಕ್ಕನಿಗೂ ಮಕ್ಕಳಿಗೂ ನಮ್ಮಿಬ್ಬರ ಆಶೀರ್ವಾದಗಳು.

ಇಂತು ನಿನ್ನ ತಂದೆ,
ಕತ್‌ಬರ್ಟ್ ರೇನ್

ಮರೆತ ಮಾತು: ಲಕೋಟೆ ಅಂಟಿಸುವಷ್ಟರಲ್ಲಿ ಸೆಪ್ಟಿಮಸನು ಟೋಪಿ ಕೈಯಲ್ಲಿ ಹಿಡಿದು ನಮ್ಮ ಬಾಗಿಲಿಗೆ ಬಂದಿದ್ದಾನೆ. ನಿನ್ನೊಬ್ಬನ ಹತ್ತಿರವೇ ಮಾತಾಡಬೇಕಂತೆ. ನಿನ್ನ ತಾಯಿ ಚಹಾ ಕೊಟ್ಟಿದ್ದಾಳೆ, ನಿಂತೇ ಕುಡಿಯುತ್ತಿದ್ದಾನೆ. ಕೂತ್ಕೋ ಎಂದು ನಾನು ಹೇಳಿಲ್ಲ. ಅದನ್ನು ಹೇಳಬೇಕಾದವನು ನೀನು. ಬೇಗ ಬಾ, ಅವನಿಗೂ ವಯಸ್ಸಾಗಿದೆ.