ಆರು ವರ್ಷದ ಪ್ರಭಾರ

ಆಗಸ್ಟ್ ೧೯, ಮಧ್ಯಾಹ್ನ

ಅಕ್ಕಾ,

ನಾನಿಲ್ಲಿ ಚೆನ್ನಾಗಿದ್ದೇನೆ ಎಂದು ಬರೆದರೆ ನೀನು ನಂಬುವುದಿಲ್ಲ, ಆದ್ದರಿಂದ ಅದನ್ನು ಬಿಡುತ್ತೇನೆ. ಐದು ದಿನದಿಂದ ನಿನ್ನ ಫೋನ್ ಎತ್ತಿಲ್ಲ, ಕ್ಷಮಿಸು. ಎತ್ತಿದ್ದರೆ ನೀನು "ಏನೇ ಬಾಯಿಬಡುಕಿ, ಊಟ ಆಯ್ತಾ, ಇಲ್ಲಾ ಭಾಷಣನೇ ತಿಂದ್ಯಾ?" ಎನ್ನುತ್ತಿದ್ದೆ. ನಾನು ನಕ್ಕು ಸುಳ್ಳು ಹೇಳಿಬಿಡುತ್ತಿದ್ದೆ. ಕಾಗದದ ಮೇಲೆ ನನಗೆ ಅಷ್ಟು ಸುಲಭವಾಗಿ ಸುಳ್ಳು ಬರುವುದಿಲ್ಲ.

ಸೋಮವಾರ ನಿನ್ನ ಕೈಗೆ ಆದೇಶ ಬರುತ್ತದೆ. ಅದಕ್ಕೆ ಮೊದಲು ನನ್ನಿಂದಲೇ ತಿಳಿದುಕೋ. ನವಜಾತ ಶಿಶು ವಿಭಾಗದ ಮುಖ್ಯಸ್ಥೆಯ ಹುದ್ದೆ ನಿನಗೆ ಸಿಗಲಿಲ್ಲ. ನಿನಗಿಂತ ಒಂಬತ್ತು ವರ್ಷ ಚಿಕ್ಕವನಾದ, ನೀನೇ ಪಾಠ ಹೇಳಿದ ಆ ಡಾಕ್ಟರಿಗೆ ಕೊಟ್ಟರು.

ಆರು ವರ್ಷ ಆ ವಿಭಾಗವನ್ನು ನಡೆಸಿದವಳು ನೀನು. ಉಳಿದ ಮುಖ್ಯಸ್ಥರ ಹೆಸರು ಬಾಗಿಲ ಮೇಲೆ ಹಿತ್ತಾಳೆಯಲ್ಲಿ ಕೆತ್ತಿದೆ. ನಿನ್ನದು ಪ್ಲಾಸ್ಟಿಕ್ ಪಟ್ಟಿಯೊಳಗೆ ತೂರಿಸಿದ ಕಾಗದ, ಹೆಸರಿನ ಕೆಳಗೆ ‘ಪ್ರಭಾರ’. ಕಾಗದ ಹಳದಿಯಾದಾಗಲೆಲ್ಲ ನೀನೇ ಹೊಸದು ಬರೆದು ತೂರಿಸುತ್ತಿದ್ದೆ. "ಕೆಲಸ ನಡೀತಿದೆಯಲ್ಲ, ಬಿಡೇ" ಎನ್ನುತ್ತಿದ್ದೆ. ನಡೆಯುತ್ತಿತ್ತು ಅಕ್ಕಾ, ಅದಕ್ಕೇ ಅವರಿಗೆ ಅವಸರವಿರಲಿಲ್ಲ. ಹುದ್ದೆ ಕೊಡದೆಯೇ ಹೆಂಗಸು ದುಡಿಯುತ್ತಾಳೆಂದಾದರೆ ಹುದ್ದೆ ಯಾಕೆ ಕೊಡಬೇಕು? ಎಂಟು ಪುಟದ ಒಂದು ಪುಸ್ತಿಕೆಯಲ್ಲಿ ಈ ಮಾತು ಓದಿ ಕೆಂಪು ಶಾಯಿಯಲ್ಲಿ ಗೆರೆ ಎಳೆದಿದ್ದೆ. ಎಳೆಯುವಾಗ ನಿನ್ನ ನೆನಪು ಬರಲಿಲ್ಲ ನೋಡು.

ಆಯ್ಕೆಯ ಸಭೆಯಲ್ಲಿ ನಾನಿದ್ದೆ. ನಿಮ್ಮ ಆಸ್ಪತ್ರೆ, ಕಾಲೇಜು ಎರಡನ್ನೂ ನಡೆಸುವ ಟ್ರಸ್ಟಿನಲ್ಲಿ ನಡಾವಳಿ ಬರೆಯುವುದು ನನ್ನ ಕೆಲಸ ತಾನೇ. ಬರೆಯುವವರು ಬಾಯಿ ತೆರೆಯಬಾರದೆಂಬುದು ಅಲ್ಲಿನ ಪದ್ಧತಿ. ನಾನು ನಿನ್ನ ತಂಗಿಯೆಂದು ಎಲ್ಲರಿಗೂ ಗೊತ್ತು. ಆದರೂ ಎದ್ದು ಹೋಗು ಎಂದು ಯಾರೂ ಹೇಳಲಿಲ್ಲ. ಮೇಜಿನ ಮೇಲಿನ ನೀರಿನ ಜಗ್ಗಿಗೆ ಯಾರಾದರೂ ಹಾಗೆ ಹೇಳುತ್ತಾರೆಯೆ?

ಏಳು ಜನರಲ್ಲಿ ಆರು ಗಂಡಸರು. ಏಳನೆಯವರು ನಮ್ಮ ಮೇಡಂ, ಟ್ರಸ್ಟಿನ ಅಧ್ಯಕ್ಷರ ಕುರ್ಚಿಯಲ್ಲಿ ಕುಳಿತ ಮೊದಲ ಹೆಂಗಸು. ಅವರ ಭಾಷಣಗಳನ್ನು ನೋಟುಪುಸ್ತಕಕ್ಕೆ ಇಳಿಸಿಕೊಂಡು ನಿನಗೆ ಓದಿ ಹೇಳುತ್ತಿದ್ದೆನಲ್ಲ, ಅದೇ ಮೇಡಂ. ನಿನ್ನ ಪರ ಮಾತಾಡುತ್ತಾರೆಂದು ಪೆನ್ನು ಹಿಡಿದು ಕಾದೆ. ಅವರು ಫೈಲಿನಿಂದ ಮಡಿಸಿದ ಕಾಗದವೊಂದನ್ನು ತೆಗೆದು ಓದಿದರು. ನೀನು ಬೆಳಗಾಗುವ ಮೊದಲೇ ಎದ್ದು ಅಮ್ಮನ ಮೈ ಒರೆಸಿ, ಮಗ್ಗುಲು ಬದಲಿಸಿ, ಉಣಿಸಿ, ಆಮೇಲೆ ವಾರ್ಡಿಗೆ ಬರುತ್ತೀಯೆಂದು. ಒಮ್ಮೆ ರೌಂಡ್ಸ್ ಮುಗಿಸಿ ಗೋಡೆಗೊರಗಿ ನಿಂತಲ್ಲೇ ನಿದ್ದೆ ಹೋಗಿದ್ದೆಯೆಂದು.

"ಪಾಪ, ಇಂಥವರ ಮೇಲೆ ಇನ್ನೂ ಭಾರ ಹೊರಿಸೋದು ಸರೀನಾ?" ಎಂದರು.

"ಆ ಹುಡುಗನ ತಂದೇನೂ ಹಾಸಿಗೆ ಹಿಡಿದಿದಾರಂತಲ್ಲ," ಎಂದರು ಹಿರಿಯ ಸರ್ಜನ್.

"ಅದೇ ನೋಡಿ! ಅಂಥದ್ರಲ್ಲೂ ಒಂದು ದಿನ ರಜೆ ಹಾಕಿಲ್ಲ. ಮಗ ಅಂದ್ರೆ ಹಾಗಿರಬೇಕು!" ಎಂದರು ಖಜಾಂಚಿ.

ಆ ತಂದೆಯನ್ನು ನೋಡಿಕೊಳ್ಳುವುದು ಸೊಸೆ. ಅದಕ್ಕಾಗಿ ಶಾಲೆಯ ಕೆಲಸ ಬಿಟ್ಟಳು. ಅವರು ಕೇಳಲಿಲ್ಲ, ನಾನು ಹೇಳಲಿಲ್ಲ. ‘ಅಭ್ಯರ್ಥಿಯ ಕೌಟುಂಬಿಕ ಹೊಣೆಗಳನ್ನು ಸಹಾನುಭೂತಿಯಿಂದ ಪರಿಗಣಿಸಲಾಯಿತು’ ಎಂದು ಬರೆದೆ. ಅಕ್ಷರ ದುಂಡಗೆ ಬಂದಿದೆ. ನೀನೇ ತಿದ್ದಿಸಿದ್ದಲ್ಲವೆ.

ಆಮೇಲೆ ಮೇಡಂ ಕೋಣೆಗೆ ನುಗ್ಗಿ ಬಾಯಿಗೆ ಬಂದದ್ದು ಅಂದೆ. ಅವರು ಕೂಗಾಡಲಿಲ್ಲ. "ಕೂತ್ಕೋಮ್ಮ. ಈ ಕುರ್ಚಿಗೋಸ್ಕರ ನಾನು ಮದುವೆ ಬಿಟ್ಟೆ. ನಮ್ಮಮ್ಮ ಸಾಯೋವಾಗ ಮೀಟಿಂಗಲ್ಲಿದ್ದೆ. ನಿಮ್ಮಕ್ಕ ಏನೂ ಬಿಡಲ್ಲ, ಎಲ್ಲಾನೂ ಬೇಕು ಅಂದ್ರೆ ಹೇಗೆ?" ಎಂದರು. ಕನಿಕರ ಬರಬೇಕಿತ್ತು, ಬರಲಿಲ್ಲ. ತನಗಾದ ಗಾಯವನ್ನೇ ಮುಂದಿನವಳಿಗೆ ನಿಯಮ ಮಾಡಿ ಕೂತಿದ್ದಾರೆ.

ಮೂವತ್ತು ದಿನದೊಳಗೆ ನೀನು ಮೇಲ್ಮನವಿ ಸಲ್ಲಿಸಬಹುದು. ನಡಾವಳಿಯ ಪ್ರತಿ ಇದರೊಳಗಿದೆ. ಹೊರಗೆ ಕೊಡಬಾರದ್ದು, ಕೆಲಸ ಹೋದರೆ ಹೋಗಲಿ. ಈ ಸಲ "ಬಿಡೇ" ಅನ್ನಬೇಡ, ದಮ್ಮಯ್ಯ.

ಹಿರಿಯಳು ನೀನು, ನನ್ನನ್ನು ಹರಸಬೇಕಾದವಳು. ಆ ಆಶೀರ್ವಾದ ಈಗ ಬೇಡ, ನಿನ್ನ ಹತ್ತಿರವೇ ಇರಲಿ. ನಿನ್ನ ಕೈಯಲ್ಲಿ ಬದುಕುಳಿದ ಅಂಗೈಯಗಲದ ಮಕ್ಕಳೆಲ್ಲ ನೂರು ಕಾಲ ಬಾಳಿ ನಿನ್ನನ್ನು ಹರಸಲಿ.

ನಿನ್ನ
ಬಾಯಿಬಡುಕಿ

ತಾ.ಕ.: ಮೇಡಂ ಓದಿದ್ದು ನನ್ನ ಕರಪತ್ರ. ಹೋದ ತಿಂಗಳು ‘ದಣಿವರಿಯದವಳು’ ಎಂದು ನಿನ್ನ ಮೇಲೆ ಬರೆದು, ಇನ್ನೂರು ಪ್ರತಿ ಅಚ್ಚು ಹಾಕಿಸಿ, ಮೊದಲ ಪ್ರತಿಯನ್ನು ಹೆಮ್ಮೆಯಿಂದ ಅವರ ಮೇಜಿನ ಮೇಲೆ ಇಟ್ಟವಳು ನಾನೇ. ಅದರಲ್ಲಿ ಒಂದನ್ನು ಮಾತ್ರ ಬರೆಯಲಿಲ್ಲ. ವರ್ಷದಲ್ಲಿ ಆರು ತಿಂಗಳು ಅಮ್ಮ ನನ್ನ ಬಳಿ ಇರಬೇಕೆಂದು ನಾವಿಬ್ಬರೂ ಮಾತಾಡಿಕೊಂಡಿದ್ದೆವು. ಮೂರು ವರ್ಷವಾಯಿತು. ನನ್ನ ಸರದಿ ಬಂದಾಗಲೆಲ್ಲ ನಾನು "ಹೋರಾಟ ಇದೆ ಅಕ್ಕಾ" ಎಂದೆ, ನೀನು "ಹೋಗೇ, ನಾನಿದೀನಿ" ಎಂದೆ. ಮೇಲ್ಮನವಿಯಲ್ಲಿ ಇದನ್ನೂ ಬರಿ. ನೀನು ಗೋಡೆಗೊರಗಿ ನಿದ್ದೆ ಹೋದದ್ದು ನನ್ನ ಸರದಿಯ ತಿಂಗಳಲ್ಲಿ. ಆ ದಿನ ನಾನು ಸಮಪಾಲಿನ ಬಗ್ಗೆ ಭಾಷಣ ಮಾಡಿದೆ. ಜೋರು ಚಪ್ಪಾಳೆ ಬಿತ್ತು.