ಎಲ್ಲಕ್ಕೂ ಹೂಂ ಅಂದ ಎನ್ನೊನಿಗೆ

ನನ್ನ ಎನ್ನೊ,

ಕ್ಷೇಮವೇ ಎಂದು ಕೇಳುವುದಿಲ್ಲ. ಕ್ಷೇಮವಾಗಿಲ್ಲವೆಂದು ನಿನ್ನೆ ಗೊತ್ತಾಯಿತು. ನಿನ್ನ ಅಕ್ಕ ಗೇಜಾ ಯಾವುದೋ ಕೆಲಸಕ್ಕೆಂದು ನೀವಿರುವ ದ್ವೀಪದಿಂದ ಬಂದವಳು ಲ್ಯೂನೆಬರ್ಗಿನ ಸಂತೆಯಲ್ಲಿ ಸಿಕ್ಕಿದಳು. ನಾನು ಮಾರಲು ಇಟ್ಟಿದ್ದ ಬುಟ್ಟಿಯಿಂದ ಒಂದು ಕ್ಯಾರೆಟ್ ಎತ್ತಿ ಕಚ್ಚಿ, "ಏನೇ ವೀಬ್ಕೆ, ಇದು ಕ್ಯಾರೆಟ್ಟೋ ಮಿಠಾಯಿಯೋ? ನಿಮ್ಮ ತಳಿ ಹೀಗಿರ್ಲಿಲ್ವಲ್ಲ" ಅಂದಳು. ಪುಕ್ಕಟೆ ತಿಂದು ಹೆಸರಿಡುವುದು ನಿಮ್ಮ ಮನೆತನದ ಗುಣ. ನನಗೂ ರೇಗಿತು. "ನಿನ್ನ ತಮ್ಮ ನನ್ನನ್ನ ಬಿಟ್ಟು ಹೋದ್ಮೇಲೆ ಹೀಗೇ" ಅಂದೆ.

ಅವಳು ಕಚ್ಚಿದ ಕ್ಯಾರೆಟ್ಟನ್ನು ಕೆಳಗಿಟ್ಟಳು. ಆಮೇಲೆ ಹೇಳಿದಳು: "ಅವ್ನಿಗೆ ರುಚೀನೇ ಗೊತ್ತಾಗಲ್ಲ ಕಣೇ. ನಿನ್ನ ಬಿಟ್ಟು ಬಂದ ವರ್ಷ ಅವ್ನಿಗೆ ಜ್ವರ ಬಂದಿತ್ತಲ್ಲ, ಅದ್ರ ಜೊತೆಗೇ ಹೋಯ್ತು. ಕಾಫಿನೂ ಬಿಸಿನೀರೂ ಒಂದೇ ಅವ್ನಿಗೆ. ಸೂಪಿಗೆ ಉಪ್ಪು ಬಿದ್ದಿದೆಯೋ ಇಲ್ವೋ ಅಂತ ನನ್ನ ಮುಖ ನೋಡಿ ಹೇಳ್ತಾನೆ. ನಿನಗೆ ಹೇಳ್ಬಾರ್ದು ಅಂತ ಮಾತು ತಗೊಂಡಿದ್ದ. ಇಷ್ಟು ವರ್ಷ ಹೊಟ್ಟೇಲಿಟ್ಕೊಂಡಿದ್ದು ಸಾಕು."

ಆಮೇಲೆ ಯಾರಿಗೋ ಕ್ಯಾರೆಟ್ ಬದಲು ಬೀಟ್‌ರೂಟ್ ತೂಗಿ ಕೊಟ್ಟೆನಂತೆ. ನನಗೆ ನೆನಪಿಲ್ಲ.

ನಮ್ಮ ಕೊಟ್ಟಿಗೆಯ ಬಾಗಿಲಲ್ಲಿ ಎದುರುಬದುರು ಕೂರುತ್ತಿದ್ದ ದಿನಗಳು ನಿನಗೆ ನೆನಪಿಗೆ ಬರುತ್ತವೆಯೇ? ನಡುವೆ ಅಗೆದು ತಂದ ಕ್ಯಾರೆಟ್ ಗಡ್ಡೆಗಳ ರಾಶಿ, ಪಕ್ಕದಲ್ಲಿ ಆರಿಸಿದ್ದನ್ನು ಚಳಿಗಾಲವಿಡೀ ಕಾಪಿಡಲು ಮರಳು ತುಂಬಿದ ಪೆಟ್ಟಿಗೆ. ಮೊದಲು ಕಣ್ಣಿನ ಕೆಲಸ. ಕಳೆಯನ್ನು ಹಿಂದಿಕ್ಕಿ ಬೆಳೆಯುವ ದಟ್ಟ ಸೊಪ್ಪು ಬೇಕು, ಬೇರು ನೇರವಾಗಿ ಆಳಕ್ಕೆ ಇಳಿದಿರಬೇಕು. "ಗೊಬ್ಬರದ ಚೀಲ ಕಂಡ್ರೆ ಮಾತ್ರ ಬೆಳೆಯೋ ಮುದ್ದಿನ ಮಕ್ಕಳು ಅಂಗಡೀಲಿ ಬೇಕಾದಷ್ಟಿವೆ. ನಮ್ಗೆ ಈ ಬಡ ಮರಳುಮಣ್ಣಲ್ಲಿ ಬದುಕೋದು ಬೇಕು" ಅನ್ನುತ್ತಿದ್ದೆ ನೀನು. ಆಮೇಲೆ ಬಾಯಿಯ ಕೆಲಸ. ಪ್ರತಿ ಗಡ್ಡೆಯ ತುದಿ ಕೊಯ್ದು ನನಗೊಂದು ಚೂರು, ನಿನಗೊಂದು ಚೂರು. ಇಬ್ಬರೂ ಹೂಂ ಅಂದರೆ ಗಾಯಕ್ಕೆ ಬೂದಿ ಒತ್ತಿ ಮರಳಿಗೆ. ವಸಂತದಲ್ಲಿ ಅದೇ ಮತ್ತೆ ಮಣ್ಣಿಗಿಳಿದು, ಹೂಬಿಟ್ಟು ನಮಗೆ ಬೀಜ ಕೊಡುವ ತಾಯಿ. ಒಬ್ಬರು ಉಹುಂ ಅಂದರೂ ಸೂಪಿನ ಬಕೆಟ್ಟಿಗೆ.

ನನಗೆ ಸಿಹಿಯದ್ದೇ ಆಸೆ. ನೀನೋ, ನಾಲಿಗೆಯನ್ನು ತುಸು ಚುರುಗುಟ್ಟಿಸುವುದನ್ನೇ ಹುಡುಕುವವನು. "ಬರೀ ಸಿಹಿ ಇದ್ರೆ ಫೆಬ್ರವರಿಗೆ ಕೊಳೆಯುತ್ತೆ. ಸ್ವಲ್ಪ ಖಾರ ಇರ್ಬೇಕು ಕಣೇ, ನಿನ್ನ ಹಾಗೆ" ಅನ್ನುತ್ತಿದ್ದೆ. ಒಂದೊಂದು ಗಡ್ಡೆಗೂ ಜಗಳ. ನಾನು ಹಾಡಿ ಹೊಗಳಿದ್ದನ್ನು ನೀನು ಜಗಿದು, ಹುಬ್ಬೇರಿಸಿ ಬಕೆಟ್ಟಿಗೆ ಎಸೆಯುವುದು, ನಾನು ಅದನ್ನು ಹೆಕ್ಕಿ ತಂದು ಮತ್ತೆ ನಿನ್ನ ಬಾಯಿಗಿಡುವುದು. ಅಷ್ಟು ಸುಖದ ಕೆಲಸ ನಾನು ಜನ್ಮದಲ್ಲಿ ಮಾಡಿಲ್ಲ.

ಆ ಕೊನೆಯ ಶರತ್ಕಾಲದಲ್ಲಿ ನೀನು ನನ್ನ ಮಾತಿಗೆಲ್ಲ ಹೂಂ ಅಂದೆ. ನಾನು ಹೂಂ ಅಂದದ್ದಕ್ಕೆ ಹೂಂ, ಉಹುಂ ಅಂದದ್ದಕ್ಕೆ ಉಹುಂ. ಒಲ್ಲದ ಗಂಡನಿಗೆ ಮೊಸರಲ್ಲೂ ಕಲ್ಲು ಅನ್ನುತ್ತಾರೆ. ನೀನು ಕಲ್ಲು ಹುಡುಕುವ ಗೋಜಿಗೂ ಹೋಗಲಿಲ್ಲ, ಅದೇ ನನ್ನನ್ನು ಹೆದರಿಸಿತು. ಜಗಳವಾಡುವಷ್ಟು ಕೂಡ ನಾನು ಬೇಡವಾದೆ ಎಂದುಕೊಂಡೆ. "ಮನಸ್ಸಿಲ್ಲದವನು ಇಲ್ಲಿ ಯಾಕೆ ಕೂತಿದೀಯ?" ಎಂದು ಕೇಳಿದೆ. ನೀನು ಚಾಕು ಒರೆಸಿಟ್ಟು ಎದ್ದೆ. ಮರುದಿನ ಅಕ್ಕನ ದ್ವೀಪಕ್ಕೆ ಹೊರಟುಹೋದೆ. ಹೂಂ ಅನ್ನುವ ಮೊದಲು ಪ್ರತಿ ಸಲವೂ ನೀನು ನನ್ನ ಮುಖ ನೋಡುತ್ತಿದ್ದೆ ಎಂಬುದು ನಿನ್ನೆ ಗೇಜಾ ಹೇಳಿದ ಮೇಲೆ ಹೊಳೆಯಿತು.

ನಿನ್ನ ಸುಳ್ಳು ಹೂಂನಿಂದ ತಳಿ ಕೆಡುತ್ತದೆಂದು ಹೋದೆಯಂತೆ. ಎಂಥ ದೊಡ್ಡ ತ್ಯಾಗ, ಮಹಾರಾಯ. ನನಗೆ ಸಿಟ್ಟು ಬಂದಿದೆ. ಒಂದು ಮಾತು ಹೇಳಿದ್ದರೆ ನಾನು ನಿನ್ನ ತಲೆಯನ್ನು ಮಡಿಲಲ್ಲಿಟ್ಟುಕೊಂಡು ಅಳುತ್ತಿದ್ದೆ, ಆಮೇಲೆ ಇಬ್ಬರೂ ಎದ್ದು ಆಲೂಗಡ್ಡೆ ಬೇಯಿಸುತ್ತಿದ್ದೆವು. ನೀನು ಹೋದ ಮೇಲೆ ತಳಿಯಾದರೂ ನೆಟ್ಟಗಿತ್ತೇ? ನನ್ನೆದುರು ಕೂರಿಸಿಕೊಂಡವರೆಲ್ಲ ನನ್ನ ಬಾಯಿಗೆ ಹೆದರಿ ಹೂಂ ಅಂದವರೇ. ಪಕ್ಕದ ಹೊಲದ ಊಲ್ಫನಂತೂ ಹುಳ ಬಿದ್ದದ್ದನ್ನು ಜಗಿದು "ಬಹಳ ಚೆನ್ನಾಗಿದೆ ವೀಬ್ಕೆ" ಅಂದ. ಗಡ್ಡೆ ವರ್ಷದಿಂದ ವರ್ಷಕ್ಕೆ ಸಿಹಿಯಾಗುತ್ತಾ ಹೋಯಿತು. ಕಳೆದ ಚಳಿಗಾಲದಲ್ಲಿ ಅರ್ಧ ತಾಯಿಗಡ್ಡೆಗಳು ಮರಳಲ್ಲೇ ಕೊಳೆತವು. ಇನ್ನೊಂದೆರಡು ಸಲ ಹೀಗಾದರೆ, ಬೀಜ ತಾವೇ ಉಳಿಸಿಕೊಳ್ಳಲಿ ಎಂದು ನಾವು ಈ ತಳಿ ಹಂಚಿಕೊಟ್ಟ ರೈತರ ಮುಂದೆ ನಾನು ಮುಖ ತೋರಿಸುವಂತಿಲ್ಲ.

ಸಂಜೆ ಕೈ ತೊಳೆಯುವಾಗ ನಿನ್ನ ನೆನಪಾಗುತ್ತದೆ. ಉಗುರಲ್ಲಿ ಮಣ್ಣು ಉಳಿದಿದೆಯೆಂದು ನನ್ನ ಬೆರಳುಗಳನ್ನು ದೀಪಕ್ಕೆ ಹಿಡಿದು ನೋಡುತ್ತಿದ್ದೆಯಲ್ಲ. ಈಗ ಯಾರೂ ನೋಡುವುದಿಲ್ಲ, ಮಣ್ಣು ಅಲ್ಲೇ ಇರುತ್ತದೆ. ಹಾಸಿಗೆಯ ನಿನ್ನ ಪಕ್ಕ ಬೀಜದ ಜರಡಿಗಳನ್ನು ಹರಡಿ ಮಲಗುತ್ತೇನೆ, ಖಾಲಿ ಕಾಣದಿರಲಿ ಎಂದು.

ಅಗೆತ ಮುಂದಿನ ವಾರ ಶುರು. ನಿನ್ನೆ ಬುಟ್ಟಿ ಕಟ್ಟುವ ಹೊತ್ತಿಗೆ ಗೇಜಾಳನ್ನು ನಿಲ್ಲಿಸಿ, ರುಚಿ ನೋಡಲು ನನ್ನೆದುರು ಕೂರುತ್ತೀಯಾ ಎಂದು ಕೇಳಿದೆ. "ಕೂತ್ಕೋತೀನಿ. ಆದ್ರೆ ನಿನ್ನ ಮುಲಾಜಿಗೆ ಬೀಳಲ್ಲ, ಮೊದ್ಲೇ ಹೇಳಿದೀನಿ" ಅಂದಳು. ಅದೇ ಬೇಕಿತ್ತು. ಹಾಗಾಗಿ ಎನ್ನೊ, ಕ್ಯಾರೆಟ್ಟಿನ ಚಿಂತೆ ಬಿಡು, ಅದಕ್ಕೆ ನಾಲಿಗೆ ಸಿಕ್ಕಿತು. ನೀನು ಬೇಕಾಗಿರುವುದು ನನಗೆ. ಅವಳ ಜೊತೆ ಹೊರಟು ಬಾ.

ಕಡಲು ಶಾಂತವಾಗಿರಲಿ, ನಿನ್ನ ದೋಣಿ ಸುಖವಾಗಿ ದಡ ಸೇರಲಿ.

ಜರಡಿಗಳನ್ನೆಲ್ಲ ಅಟ್ಟಕ್ಕೆ ಸಾಗಿಸಿರುವ,
ನಿನ್ನ ವೀಬ್ಕೆ