ತಟ್ಟೆಯ ಸುತ್ತ ನಲವತ್ತು ಸಹಿ

ಬಳ್ಳಾರಿ, ಗುರುವಾರ

ಅಪ್ಪಾಜಿಗೆ ಹೇಮಾಳ ನಮಸ್ಕಾರ.

ಬೆಳಿಗ್ಗೆ ನಮ್ಮ ಬೀದಿ ನಲ್ಲಿಯ ಬಾಯಿಗೆ ಜೇಡ ಬಲೆ ಕಟ್ಟಿದ್ದು ಕಂಡೆ. ನೀರು ಬಂದು ಹನ್ನೆರಡು ದಿನವಾಯಿತು. ಮೊನ್ನೆ ಹೆಂಗಸರೆಲ್ಲ ಕೊಡ ಹಿಡಿದು ರಸ್ತೆಯಲ್ಲೇ ಕೂತಾಗ ಅಧಿಕಾರಿಯೊಬ್ಬರು ಬಂದು, ಬರೆದು ಕೊಡಿ ಎಂದರು. ಅರ್ಜಿ ಬರೆದವಳು ನಾನು, ಬೈಯಬೇಡಿ.

ಮೊದಲ ಸಹಿ ಹಾಕಿದವರನ್ನೇ ಪೊಲೀಸರು ಕರೆಯುತ್ತಾರೆಂದು ಎಲ್ಲರಿಗೂ ಅಂಜಿಕೆ. ಮನೆ ಓನರ್ ಹಂಪಕ್ಕ ಕಾಗದದ ಮೇಲೆ ಊಟದ ತಟ್ಟೆ ಬೋರಲು ಹಾಕಿ ಗೆರೆ ಎಳೆದರು. “ಇದರ ಸುತ್ತ ಸಹಿ ಮಾಡ್ರಿ. ಯಾರು ಮೊದಲು ಅಂತ ಹೆಂಗ ಹುಡುಕ್ತಾರ ನೋಡಾಣ!” ನಲವತ್ತು ಸಹಿ ಗುಂಡಗೆ ಕೂತವು.

ಇಂದು ಅರ್ಜಿ ಕೊಡಲು ಹೋದಾಗ ಪಾಲಿಕೆ ಕಚೇರಿಯ ಗುಮಾಸ್ತರು ಹಾಳೆಯನ್ನು ತಿರುಗಿಸಿ ತಿರುಗಿಸಿ ನೋಡಿ, “ಏನ್ರಿ ಇದು, ರಂಗೋಲಿ?” ಎಂದರು.

“ರಂಗೋಲಿ ಬಿಡಾಕಾದ್ರೂ ಅಂಗಳಕ್ಕ ನೀರು ಹಾಕಬೇಕಲ್ರಿ, ಸಾಹೇಬ್ರ!” ಎಂದರು ಹಂಪಕ್ಕ.

ಗುಮಾಸ್ತರೂ ನಕ್ಕರು. ಆದರೆ ಅರ್ಜಿದಾರರೆಂದು ಒಬ್ಬರ ಹೆಸರಿಲ್ಲದೆ ತೆಗೆದುಕೊಳ್ಳಲು ಬರುವುದಿಲ್ಲವೆಂದು ಮರಳಿಸಿದರು.

ಸರ್ಕಾರಿ ನೌಕರನ ಮಗಳು ಧರಣಿಯಿಂದ ದೂರ ಇರಬೇಕೆಂದು ನೀವು ಹೇಳಿದ್ದು ಮರೆತಿಲ್ಲ. ಅಂಗಡಿಯಲ್ಲಿ ಚಿಲ್ಲರೆ ಕೇಳಲೂ ನಾಚುವವಳು ನಾನು. ನನ್ನ ಆಧಾರ್ ಕಾರ್ಡ್ ಸಿರುಗುಪ್ಪದ ಮನೆಯಲ್ಲೇ ಉಳಿದಿದೆ. ಸೋಮವಾರದೊಳಗೆ ಯರ್ರಿಸ್ವಾಮಿ ಮಾವನ ಕೈಲಿ ಕಳಿಸಿಕೊಡಿ. ಅರ್ಜಿಗೆ ಅದರ ನಕಲು ಬೇಕಂತೆ. ಅರ್ಜಿದಾರರ ಜಾಗದಲ್ಲಿ ನನ್ನ ಹೆಸರು ಬರೆದಿದ್ದೇನೆ.

ನಿಮ್ಮ ಮಗಳು,
ಹೇಮಾ